ಮೊತ್ತದಲ್ಲಿ ಮರೆಯಾಗುವ ಮಳೆ

‘ಈ ತಿಂಗಳು 60 ಮಿಲಿಮೀಟರ್ ಮಳೆಯಾಗಿದೆ’ ಎಂಬ ಮಾತಿನಿಂದ ನಮಗೆ ತಿಳಿಯುವುದೇನು? ತಿಂಗಳ ಮೊದಲ ದಿನ 30 ಮಿ.ಮೀ., ಮೂವತ್ತನೆಯ ದಿನ ಮತ್ತೆ 30 ಮಿ.ಮೀ. ಬಿದ್ದಿರಬಹುದು. ಅಥವಾ ಐದು ದಿನಕ್ಕೊಮ್ಮೆ 10 ಮಿ.ಮೀ.ನಂತೆ ಆರು ಸಲ ಬಿದ್ದಿರಬಹುದು. ಎರಡೂ ಕಡೆ ಮೊತ್ತ ಒಂದೇ. ಆದರೆ ಮೊದಲನೆಯದರಲ್ಲಿ ನಡುವೆ 28 ದಿನ ಹನಿ ನೀರಿಲ್ಲ. ಎರಡನೆಯದರಲ್ಲಿ ಬಿಡುವು ನಾಲ್ಕು ದಿನ ಮೀರುವುದಿಲ್ಲ. ಮುಸುಕಿನ ಜೋಳ ಹೂ ಬಿಡುವ ಹೊತ್ತಿನಲ್ಲಿ ಈ ಎರಡು ತಿಂಗಳುಗಳ ನಡುವಣ ಅಂತರ ಬೆಳೆ ಇರುವುದಕ್ಕೂ ಇಲ್ಲದಿರುವುದಕ್ಕೂ ಇರುವ ಅಂತರ. ಮಳೆ ಎಷ್ಟು ಎಂಬುದರಷ್ಟೇ ಮುಖ್ಯವಾದ ಪ್ರಶ್ನೆ, ಅದು ಯಾವ ಕ್ರಮದಲ್ಲಿ ಬಂತು ಎಂಬುದು.

ಮಳೆಯ ಲೆಕ್ಕ ಈಗ ಗಣಕದ ದತ್ತಸಂಚಯಗಳಲ್ಲಿ ಕುಳಿತಿದೆ. ಆ ಕೋಷ್ಟಕಗಳನ್ನು ಕಟ್ಟುವಾಗಲೂ ಅವುಗಳಿಗೆ ಪ್ರಶ್ನೆ ಹಾಕುವಾಗಲೂ ನಾವು ಕ್ರಮವನ್ನು ಕಾಪಾಡುತ್ತೇವೆಯೆ? ಈ ಲೇಖನ ವಿಮರ್ಶೆಗೆ ಒಡ್ಡುತ್ತಿರುವುದು ಯಾವುದೇ ಒಂದು ಸಂಸ್ಥೆಯನ್ನಲ್ಲ. ಕಾಲೇಜುಗಳ ಪ್ರಾಜೆಕ್ಟ್‌ಗಳಲ್ಲಿಯೂ ನಾನಾ ಬಗೆಯ ವರದಿಗಳಲ್ಲಿಯೂ ಬೇರೂರಿರುವ ಒಂದು ಅಭ್ಯಾಸವನ್ನು. ದಿನಕ್ಕೊಂದು ಸಂಖ್ಯೆ ಬರೆದು, ಬಾರದಿದ್ದ ಕಡೆ ಸೊನ್ನೆ ತುಂಬಿ, ಕೂಡಿಸಿ ಮೊತ್ತ ಹೇಳುವುದೇ ಆ ಅಭ್ಯಾಸ.

ಮಾಪಕವೊಂದು, ಘಟನೆ ಸಾವಿರಾರು

ಕರ್ನಾಟಕದಲ್ಲಿ 1988ರಲ್ಲಿ ಬರ ಉಸ್ತುವಾರಿ ಘಟಕವಾಗಿ ಆರಂಭವಾಗಿ, 2007ರಲ್ಲಿ ಹೆಸರು ಬದಲಿಸಿಕೊಂಡ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿಗೊಂದರಂತೆ ದೂರಸಂವೇದಿ ಮಳೆಮಾಪಕಗಳ ಜಾಲವನ್ನು ಕಟ್ಟಿದೆ. ಮಾಪಕಗಳ ಸಂಖ್ಯೆ 6,000ಕ್ಕೂ ಹೆಚ್ಚು. 15 ನಿಮಿಷಕ್ಕೊಮ್ಮೆ ಅಳತೆ ದಾಖಲಾಗುತ್ತದೆ. ಇಷ್ಟು ದಟ್ಟವಾದ ಜಾಲ ನಮ್ಮ ರಾಜ್ಯದ ಹೆಮ್ಮೆಯ ಸಂಗತಿಯೇ ಸರಿ.

ಇಂಥ ಮಾಪಕದ ಒಳಗೆ ಸಾಮಾನ್ಯವಾಗಿ ಏತದಂತೆ ಅತ್ತಿತ್ತ ಬಾಗುವ ಎರಡು ಪುಟ್ಟ ಬಟ್ಟಲುಗಳಿರುತ್ತವೆ. ಒಂದು ತುಂಬಿದೊಡನೆ ಬಾಗಿ ನೀರು ಚೆಲ್ಲುತ್ತದೆ, ಇನ್ನೊಂದು ಬಾಯೊಡ್ಡುತ್ತದೆ. ಪ್ರತಿ ಬಾಗುವಿಕೆಗೂ ಒಂದು ವಿದ್ಯುತ್ ಸಂಕೇತ. ಮಾದರಿಗೆ ತಕ್ಕಂತೆ ಒಂದು ಬಾಗುವಿಕೆ ಎಂದರೆ 0.2 ಅಥವಾ 0.5 ಮಿ.ಮೀ. ಮಳೆ. ಅಂದರೆ ಮಳೆಯು ಮಾಪಕಕ್ಕೆ ಮೊತ್ತವಾಗಿ ಬರುವುದಿಲ್ಲ, ಒಂದರ ಹಿಂದೊಂದು ಘಟನೆಗಳಾಗಿ ಬರುತ್ತದೆ. ಹೀಗೆ ಕಾಲದ ಗುರುತು ಹೊತ್ತ ಘಟನೆಗಳ ಸಾಲನ್ನು ಕಾಲಸರಣಿ ಎನ್ನುತ್ತಾರೆ.

ಚಾಮರಾಜನಗರ ಜಿಲ್ಲೆಯ ಹನೂರು ತಾಲೂಕಿನಲ್ಲಿ, ಮಲೆ ಮಹದೇಶ್ವರ ಬೆಟ್ಟದ ಸೀಮೆಯಲ್ಲಿ, ತಮಿಳುನಾಡಿನ ಗಡಿಗೆ ಹತ್ತಿರ ಇರುವ ಮಾರ್ಟಳ್ಳಿಯನ್ನು ನಮ್ಮ ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಪಶ್ಚಿಮ ಘಟ್ಟದ ಮಳೆ ನೆರಳಿನಲ್ಲಿರುವ ಈ ಒಣ ಸೀಮೆಗೆ ಮುಂಗಾರು ಮಾರುತದ ಪಾಲು ಕಡಿಮೆ. ಮೇ ತಿಂಗಳ ಗುಡುಗು ಮಳೆ ಹಾಗೂ ಸೆಪ್ಟೆಂಬರ್-ಅಕ್ಟೋಬರ್ ಮಳೆಯೇ ಇಲ್ಲಿನ ಬೇಸಾಯಕ್ಕೆ ಆಧಾರ. ‘ಜೂನ್‌ನಿಂದ ಸೆಪ್ಟೆಂಬರ್’ ಎಂಬ ದೇಶದ ಮುಂಗಾರು ಋತುವನ್ನೇ ಪ್ರಶ್ನೆಯಲ್ಲಿ ಬರೆದು ಮೊತ್ತ ತೆಗೆದರೆ ಮೇ ಮಳೆಯೂ ಅಕ್ಟೋಬರ್ ಮಳೆಯೂ ಚೌಕಟ್ಟಿನ ಹೊರಗೇ ಉಳಿಯುತ್ತವೆ. ಮೊದಲ ಆಕ್ಷೇಪಣೆ ಇದು: ಕಾಲದ ಚೌಕಟ್ಟನ್ನು ಊರಿನ ಮಳೆಯ ನಡತೆ ನಿರ್ಧರಿಸಬೇಕೇ ಹೊರತು ವರದಿಯ ನಮೂನೆಯಲ್ಲ.

ಕ್ರಮವಿಲ್ಲದ ಕೋಷ್ಟಕ

ಇಂದು ಎಲ್ಲೆಡೆ ಬಳಕೆಯಲ್ಲಿರುವ ಸಂಬಂಧಾತ್ಮಕ ದತ್ತಸಂಚಯದ ತಳಹದಿ ಐಬಿಎಂ ಸಂಸ್ಥೆಯಲ್ಲಿದ್ದ ಇ. ಎಫ್. ಕಾಡ್ 1970ರಲ್ಲಿ ಪ್ರಕಟಿಸಿದ ಪ್ರಬಂಧ. ಅದರ ಪ್ರಕಾರ ಕೋಷ್ಟಕವೆಂದರೆ ಗಣಿತದ ‘ಗಣ’. ಸಾಲುಗಳಿಗೆ ತಮ್ಮದೇ ಆದ ಕ್ರಮವಿಲ್ಲ. ಯಾವ ಸಾಲು ಮೊದಲು, ಯಾವುದು ಆಮೇಲೆ ಎಂದು ಕೇಳುವಂತಿಲ್ಲ. ಬ್ಯಾಂಕಿನ ಖಾತೆದಾರರ ಪಟ್ಟಿಗೆ ಇದು ಒಪ್ಪುವ ಮಾತು. ಆದರೆ ಕಾಲಸರಣಿಗೆ ಕ್ರಮವೇ ಜೀವಾಳ. ಆದ್ದರಿಂದ ಕ್ರಮವನ್ನು ನಾವೇ ಒಂದು ಕಾಲಂ ಆಗಿ, ಕಾಲದ ಗುರುತಾಗಿ, ಕೋಷ್ಟಕದೊಳಗೆ ಬರೆಯಬೇಕು. ಪ್ರಶ್ನೆ ಕೇಳುವಾಗ ಅದನ್ನು ನಾವೇ ಹೆಸರಿಸಬೇಕು.

ಈ ಕಾರಣಕ್ಕೆ ಸಂಬಂಧಾತ್ಮಕ ದತ್ತಸಂಚಯ ಕಾಲಸರಣಿಗೆ ತಕ್ಕದ್ದಲ್ಲ ಎಂದು ಹೇಳುವವರಿದ್ದಾರೆ. ಆ ಮಾತು ಅರ್ಧ ಸತ್ಯ. ಎಸ್‌ಕ್ಯೂಎಲ್ ಪ್ರಶ್ನಾಭಾಷೆಯ 2003ರ ಪ್ರಮಾಣಕದಲ್ಲಿ ‘ವಿಂಡೋ ಫಂಕ್ಷನ್’ ಎಂಬ ಸೌಲಭ್ಯ ಸೇರಿತು. ಒಂದು ಸಾಲಿನಲ್ಲಿ ನಿಂತು ಹಿಂದಿನ ಸಾಲನ್ನು ನೋಡಲು, ಸಾಲುಗಳಿಗೆ ಕ್ರಮಸಂಖ್ಯೆ ಕೊಡಲು ಇದರಿಂದ ಸಾಧ್ಯ. ಪೋಸ್ಟ್‌ಗ್ರೆಸ್ಕ್ಯೂಎಲ್ ತಂತ್ರಾಂಶಕ್ಕೆ ಇದು 2009ರಲ್ಲಿ, ಮೈಎಸ್‌ಕ್ಯೂಎಲ್‌ಗೆ 2018ರಲ್ಲಿ ಬಂತು. ಎರಡೂ ಉಚಿತವಾಗಿ ಸಿಗುವಂಥವು. ಸಲಕರಣೆ ಇಲ್ಲ ಎಂಬ ನೆಪ ಈಗ ಉಳಿದಿಲ್ಲ.

ದತ್ತಾಂಶದ ಗಾತ್ರ ದೊಡ್ಡದು, ಆದ್ದರಿಂದ ದಿನದ ಮೊತ್ತವನ್ನಷ್ಟೇ ಇಟ್ಟುಕೊಳ್ಳುತ್ತೇವೆ ಎಂಬುದು ಇನ್ನೊಂದು ಸಮಜಾಯಿಷಿ. ಲೆಕ್ಕ ಹಾಕಿ ನೋಡೋಣ. 15 ನಿಮಿಷಕ್ಕೊಂದು ಅಳತೆಯಾದರೆ ದಿನಕ್ಕೆ 96, ವರ್ಷಕ್ಕೆ 35,040 ಸಾಲು. 6,000 ಮಾಪಕಗಳಿಗೆ ವರ್ಷಕ್ಕೆ ಸುಮಾರು 21 ಕೋಟಿ ಸಾಲು. ತಿಂಗಳಿಗೊಂದು ಭಾಗವಾಗಿ ಕೋಷ್ಟಕವನ್ನು ಒಡೆದು, ಮಾಪಕ ಮತ್ತು ಕಾಲದ ಮೇಲೆ ಸೂಚಿ ಕಟ್ಟಿದರೆ ಒಂದು ಸಾಧಾರಣ ಸರ್ವರ್ ಇದನ್ನು ನಿಭಾಯಿಸುತ್ತದೆ. ಒಂದು ತಾಲೂಕಿನ 25 ಮಾಪಕಗಳ ವರ್ಷದ ಲೆಕ್ಕ 9 ಲಕ್ಷ ಸಾಲನ್ನೂ ಮುಟ್ಟುವುದಿಲ್ಲ. ವಿದ್ಯಾರ್ಥಿಯ ಲ್ಯಾಪ್‌ಟಾಪ್ ಸಾಕು. ಮೊತ್ತವನ್ನು ಘಟನೆಗಳಿಂದ ಯಾವಾಗ ಬೇಕಾದರೂ ಪಡೆಯಬಹುದು, ಮೊತ್ತದಿಂದ ಘಟನೆಗಳನ್ನು ಮರಳಿ ಪಡೆಯಲಾಗದು.

‘ದಿನ’ ಎಂದರೆ ಯಾವುದು?

ಭಾರತೀಯ ಹವಾಮಾನ ಇಲಾಖೆಯ ಮಳೆ ದಿನ ನಡುರಾತ್ರಿಗೆ ಮುಗಿಯುವುದಿಲ್ಲ, ಬೆಳಗ್ಗೆ 8.30ಕ್ಕೆ ಮುಗಿಯುತ್ತದೆ. ನಿನ್ನೆ ಬೆಳಗ್ಗೆ 8.30ರಿಂದ ಇಂದು ಬೆಳಗ್ಗೆ 8.30ರವರೆಗೆ ಬಿದ್ದದ್ದು ಇಂದಿನ ತಾರೀಖಿನ ಮಳೆ. ಆ ಮಳೆ 2.5 ಮಿ.ಮೀ. ಅಥವಾ ಹೆಚ್ಚಿದ್ದರೆ ಅದು ‘ಮಳೆ ದಿನ’.

ದತ್ತಸಂಚಯಕ್ಕೆ ಈ ರೂಢಿ ತಿಳಿದಿಲ್ಲ. ತಾರೀಖಿನ ಪ್ರಕಾರ ಗುಂಪು ಮಾಡು ಎಂದರೆ ಅದು ನಡುರಾತ್ರಿಗೆ ಗೆರೆ ಎಳೆಯುತ್ತದೆ. ಪರಿಣಾಮ ನೋಡಿ. 3ನೆಯ ತಾರೀಖು ರಾತ್ರಿ 10ಕ್ಕೆ ಶುರುವಾದ ಮಳೆ 4ರ ನಸುಕಿನ 2ಕ್ಕೆ ನಿಂತಿತು ಎನ್ನೋಣ. ನಡುರಾತ್ರಿಗೆ ಮೊದಲು 2 ಮಿ.ಮೀ., ಆಮೇಲೆ 2 ಮಿ.ಮೀ. ಹವಾಮಾನ ಇಲಾಖೆಯ ಲೆಕ್ಕದಲ್ಲಿ 4ನೆಯ ತಾರೀಖಿಗೆ 4 ಮಿ.ಮೀ., ಅದು ಮಳೆ ದಿನ. ದತ್ತಸಂಚಯದ ಲೆಕ್ಕದಲ್ಲಿ ಎರಡು ದಿನಕ್ಕೂ ತಲಾ 2 ಮಿ.ಮೀ., ಎರಡೂ ಒಣ ದಿನ! ನೀರು ಬಿದ್ದದ್ದು ನಿಜ, ಆದರೆ ಪ್ರಶ್ನೆಯ ಒಂದು ಪದ ಅದನ್ನು ಒರೆಸಿಹಾಕಿತು. ಸಂಜೆ, ರಾತ್ರಿಯ ಗುಡುಗು ಮಳೆಯನ್ನು ನಂಬಿದ ಸೀಮೆಯಲ್ಲಿ ಇದು ಸಣ್ಣ ದೋಷವಲ್ಲ.

ಪರಿಹಾರ ಸುಲಭ. ಕಾಲದ ಗುರುತಿನಿಂದ ಎಂಟೂವರೆ ಗಂಟೆ ಕಳೆದು, ಬಂದ ತಾರೀಖಿಗೆ ಒಂದು ದಿನ ಕೂಡಿಸಬೇಕು. 3ರ ರಾತ್ರಿ 10 ಗಂಟೆಯಿಂದ ಎಂಟೂವರೆ ಗಂಟೆ ಕಳೆದರೆ 3ರ ಮಧ್ಯಾಹ್ನ 1.30, ಒಂದು ದಿನ ಕೂಡಿಸಿದರೆ 4. ನಸುಕಿನ 2 ಗಂಟೆಗೂ ಇದೇ ಉತ್ತರ. ಕಾಲವನ್ನು ಗ್ರೀನಿಚ್ ಆಧಾರದ ವಿಶ್ವಮಾನ ಕಾಲದಲ್ಲಿ ಉಳಿಸಿದ್ದರೆ ಕಳೆಯಬೇಕಾದದ್ದು ಮೂರೇ ಗಂಟೆ, ಏಕೆಂದರೆ ಅದು ನಮ್ಮ ಕಾಲಕ್ಕಿಂತ ಐದೂವರೆ ಗಂಟೆ ಹಿಂದೆ. ಜೊತೆಗೆ ಇನ್ನೊಂದು ಎಚ್ಚರ ಬೇಕು: ‘8.30’ ಎಂಬ ಗುರುತು 8.15ರಿಂದ 8.30ರವರೆಗಿನ ಅಳತೆಯದೋ, 8.30ರಿಂದ 8.45ರವರೆಗಿನದೋ? ಮೊದಲನೆಯದಾದರೆ ಅದು ಇಂದಿನ ಲೆಕ್ಕಕ್ಕೆ, ಎರಡನೆಯದಾದರೆ ನಾಳೆಯ ಲೆಕ್ಕಕ್ಕೆ ಸೇರಬೇಕು. ಯಾವ ಅರ್ಥ ಎಂಬುದನ್ನು ಕೋಷ್ಟಕದ ವಿವರಣೆಯಲ್ಲಿ ಬರೆದಿಡಬೇಕು.

ವಾರದ ವಿಷಯದಲ್ಲೂ ಇದೇ ತೊಡಕು. ಕೃಷಿ ಹವಾಮಾನ ಶಾಸ್ತ್ರದ ಪ್ರಮಾಣಿತ ವಾರಗಳು ಜನವರಿ 1ಕ್ಕೆ ಆರಂಭವಾಗಿ ವರ್ಷಕ್ಕೆ 52. ಕೊನೆಯ ವಾರಕ್ಕೆ ಎಂಟು ದಿನ. ಪೋಸ್ಟ್‌ಗ್ರೆಸ್ಕ್ಯೂಎಲ್‌ಗೆ ವಾರದ ಸಂಖ್ಯೆ ಕೇಳಿದರೆ ಅದು ಕೊಡುವುದು ಸೋಮವಾರಕ್ಕೆ ಆರಂಭವಾಗುವ ಅಂತರರಾಷ್ಟ್ರೀಯ ಪ್ರಮಾಣಕದ ವಾರವನ್ನು. ಎರಡನ್ನೂ ಬೆರೆಸಿ ವಾಡಿಕೆ ಮಳೆಯೊಡನೆ ಹೋಲಿಸಿದರೆ ಬರುವ ಶೇಕಡಾವಾರು ಅಂಕಿ ಕಾಗದದ ಮೇಲೆ ಚೆಂದವಾಗಿಯೇ ಇರುತ್ತದೆ, ಅರ್ಥ ಮಾತ್ರ ಇರುವುದಿಲ್ಲ.

ಸೊನ್ನೆಯೂ ಅಲ್ಲ, ಮಳೆಯೂ ಅಲ್ಲ

ಮಾಪಕ ‘0’ ಎಂದು ಹೇಳುವುದು ಬೇರೆ, ಏನನ್ನೂ ಹೇಳದಿರುವುದು ಬೇರೆ. ಬಟ್ಟಲಿಗೆ ಎಲೆ ಸಿಕ್ಕಿಕೊಂಡಿರಬಹುದು, ಬ್ಯಾಟರಿ ಸೋತಿರಬಹುದು, ಬೆಟ್ಟಗಾಡಿನಲ್ಲಿ ಮೊಬೈಲ್ ಸಂಕೇತ ಸಿಗದೆ ಅಳತೆ ತಲುಪದಿರಬಹುದು. ಸಂಬಂಧಾತ್ಮಕ ದತ್ತಸಂಚಯದಲ್ಲಿ ಇದಕ್ಕೆಂದೇ ‘ನಲ್’ ಎಂಬ ಗುರುತಿದೆ: ಬೆಲೆ ತಿಳಿದಿಲ್ಲ ಎಂದು ಅದರ ಅರ್ಥ. ಆದರೆ ಮೊತ್ತ ತೆಗೆಯುವ ಫಂಕ್ಷನ್ ನಲ್ ಇರುವ ಸಾಲನ್ನು ಸದ್ದಿಲ್ಲದೆ ದಾಟಿಹೋಗುತ್ತದೆ. ಹಾಗಾಗಿ 30 ದಿನ ಅಳೆದು ಬಂದ 60 ಮಿ.ಮೀ.ಗೂ 22 ದಿನ ಮಾತ್ರ ಅಳೆದು ಬಂದ 60 ಮಿ.ಮೀ.ಗೂ ವರದಿಯಲ್ಲಿ ವ್ಯತ್ಯಾಸವೇ ಕಾಣದು.

ಈ ಗೊಂದಲದ ನಿಜವಾದ ಬೆಲೆ ತಿಳಿಯುವುದು ಒಣ ಅವಧಿಯನ್ನು ಎಣಿಸುವಾಗ. ಉದಾಹರಣೆಗಾಗಿ ಕಲ್ಪಿಸಿದ ಒಂದು ತಿಂಗಳು ಹೀಗಿದೆ ಎನ್ನೋಣ: 1ನೆಯ ತಾರೀಖು ಮಳೆ ದಿನ. 2ರಿಂದ 11ರವರೆಗೆ ಹತ್ತು ಒಣ ದಿನ. 12 ಮತ್ತು 13ರಂದು ಮಾಪಕದಿಂದ ಸುದ್ದಿಯಿಲ್ಲ. 14ರಿಂದ 21ರವರೆಗೆ ಎಂಟು ಒಣ ದಿನ. 22ರಂದು ಮತ್ತೆ ಮಳೆ. ಅತಿ ಉದ್ದದ ಒಣ ಅವಧಿ ಎಷ್ಟು ದಿನ?

ಸುದ್ದಿಯಿಲ್ಲದ ಕಡೆ ಸೊನ್ನೆ ತುಂಬಿದವರ ಉತ್ತರ 20 ದಿನ. ಆ ಎರಡು ಸಾಲುಗಳೇ ಕೋಷ್ಟಕದಲ್ಲಿಲ್ಲದೆ, ಒಂದಾದ ಮೇಲೊಂದು ಬಂದ ಒಣ ಸಾಲುಗಳನ್ನಷ್ಟೇ ಎಣಿಸಿದವರ ಉತ್ತರ 18. ತಾರೀಖುಗಳು ಬಿಟ್ಟುಹೋದ ಕಡೆ ಅವಧಿಯನ್ನು ಕಡಿದವರಿಗೆ 10 ದಿನದ ಒಂದು, 8 ದಿನದ ಒಂದು ಅವಧಿ ಸಿಗುತ್ತವೆ. ಒಂದೇ ಮಾಪಕ, ಒಂದೇ ತಿಂಗಳು, ಮೂರು ಉತ್ತರ. ಮೂರರಲ್ಲಿ ಯಾವುದನ್ನೂ ‘ಇಷ್ಟೇ’ ಎಂದು ಬರೆಯುವಂತಿಲ್ಲ. ಪ್ರಾಮಾಣಿಕವಾಗಿ ಹೇಳಬಹುದಾದದ್ದು ಇಷ್ಟು: ಕನಿಷ್ಠ 10, ಗರಿಷ್ಠ 20 ದಿನ.

ಈ ಲೆಕ್ಕಕ್ಕೆ ಒಂದು ಕ್ರಮಬದ್ಧ ವಿಧಾನವಿದೆ. ಮೊದಲು, ವರ್ಷದ ಎಲ್ಲ ತಾರೀಖುಗಳೂ ಇರುವ ಒಂದು ಪಂಚಾಂಗ ಕೋಷ್ಟಕವನ್ನು ಮಾಡಿಕೊಂಡು, ಅದರ ಎಡಬದಿಯಿಂದ ಮಳೆ ಕೋಷ್ಟಕವನ್ನು ಜೋಡಿಸಬೇಕು. ಆಗ ಅಳತೆ ಬಾರದ ದಿನಗಳು ನಲ್ ಆಗಿ ಕಣ್ಣಿಗೆ ಬೀಳುತ್ತವೆ. ಎರಡನೆಯದಾಗಿ, ಪ್ರತಿ ದಿನಕ್ಕೂ ಮಳೆ, ಒಣ, ತಿಳಿಯದು ಎಂಬ ಮೂರರಲ್ಲಿ ಒಂದು ಹಣೆಪಟ್ಟಿ ಹಚ್ಚಬೇಕು. ಮೂರನೆಯದಾಗಿ, ಒಣ ದಿನಗಳಿಗಷ್ಟೇ ಕ್ರಮಸಂಖ್ಯೆ ಕೊಟ್ಟು, ತಾರೀಖಿನಿಂದ ಅದನ್ನು ಕಳೆಯಬೇಕು. ಒಣ ದಿನಗಳು 5, 6, 7, 10, 11 ಆಗಿದ್ದರೆ ಕ್ರಮಸಂಖ್ಯೆಗಳು 1, 2, 3, 4, 5. ವ್ಯತ್ಯಾಸ 4, 4, 4, 6, 6. ಒಂದೇ ವ್ಯತ್ಯಾಸವುಳ್ಳ ದಿನಗಳು ಒಂದೇ ಅವಧಿಗೆ ಸೇರಿದವು. ಇಲ್ಲಿ ಮೂರು ದಿನದ್ದೊಂದು, ಎರಡು ದಿನದ್ದೊಂದು. ಇದೇ ಲೆಕ್ಕವನ್ನು ಎರಡು ಸಲ ನಡೆಸಬೇಕು: ‘ತಿಳಿಯದು’ ಎಂಬುದನ್ನು ಒಮ್ಮೆ ಮಳೆಯೆಂದೂ ಒಮ್ಮೆ ಒಣವೆಂದೂ ಭಾವಿಸಿ. ಆಗ ಕನಿಷ್ಠ, ಗರಿಷ್ಠ ಎರಡೂ ಕೈಗೆ ಬರುತ್ತವೆ.

ಇದರಿಂದ ಯಾರಿಗೆ ಏನಾಗಬೇಕು ಎನ್ನುವವರಿಗೆ ಉತ್ತರವಿದೆ. ಕೇಂದ್ರ ಕೃಷಿ ಸಚಿವಾಲಯದ 2016ರ ಬರ ನಿರ್ವಹಣಾ ಕೈಪಿಡಿಯಲ್ಲಿ ಮಳೆ ಕೊರತೆಯ ಜೊತೆಗೆ ಒಣ ಅವಧಿಯೂ ಬರದ ಮೊದಲ ಸೂಚಕಗಳಲ್ಲಿ ಸೇರಿದೆ. ವಾಡಿಕೆಯ ಅರ್ಧಕ್ಕಿಂತ ಕಡಿಮೆ ಮಳೆಯಾದ ಮೂರು-ನಾಲ್ಕು ವಾರಗಳು ಸತತವಾಗಿ ಬಂದರೆ ಅದು ಒಣ ಅವಧಿ. 2023ರಲ್ಲಿ ಕರ್ನಾಟಕದ 236 ತಾಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಘೋಷಿಸಲಾಯಿತು. ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಂತೂ ಪರಿಹಾರ ಸಿಗುವುದು, ಸಿಗದಿರುವುದು ಮಾಪಕದ ಅಂಕಿಯ ಮೇಲೇ ನಿಂತಿದೆ. ‘ಸತತ’ ಎಂಬ ಪದವನ್ನು ಗಣಕ ಹೇಗೆ ಎಣಿಸುತ್ತದೆ ಎಂಬುದು ಆದ್ದರಿಂದ ಬರೀ ತಾಂತ್ರಿಕ ಕುತೂಹಲವಲ್ಲ. ತಪ್ಪಾಗಿ ತುಂಬಿದ ಸೊನ್ನೆ ಇಲ್ಲದ ಬರವನ್ನು ತೋರಿಸಬಹುದು. ತಪ್ಪಾಗಿ ಎಳೆದ ದಿನದ ಗೆರೆ ಬಿದ್ದ ಮಳೆಯನ್ನು ಬಚ್ಚಿಡಬಹುದು. ಬಿಟ್ಟುಹೋದ ಸಾಲು ಇರುವ ಬರವನ್ನೇ ತುಂಡರಿಸಬಹುದು.

ತಡವಾಗಿ ಬಂದ ಸಾಲು, ತಾಲೂಕು ಬದಲಿಸಿದ ಊರು

ಸಂಕೇತ ಸಿಗದಾಗ ತನ್ನಲ್ಲೇ ಉಳಿಸಿಕೊಂಡ ಅಳತೆಗಳನ್ನು ಮಾಪಕ ಆಮೇಲೆ ಒಟ್ಟಿಗೆ ಕಳಿಸುವುದುಂಟು. ಕೆಲವೊಮ್ಮೆ ಒಂದೇ ಅಳತೆ ಎರಡು ಸಲ ಬರುವುದೂ ಉಂಟು. ಎರಡನೆಯದಕ್ಕೆ ಸಂಬಂಧಾತ್ಮಕ ದತ್ತಸಂಚಯದಲ್ಲಿ ಒಳ್ಳೆಯ ಕಾವಲಿದೆ. ಮಾಪಕ ಮತ್ತು ಕಾಲ ಎರಡೂ ಸೇರಿ ಪ್ರಾಥಮಿಕ ಕೀಲಿ ಎಂದು ಸಾರಿದರೆ ನಕಲು ಸಾಲು ಒಳಗೆ ಬರಲಾರದು. ಸ್ಪ್ರೆಡ್‌ಶೀಟ್‌ನಲ್ಲಿ ಈ ಕಾವಲಿಲ್ಲ. ಬಿದ್ದ ಮಳೆ ಇಮ್ಮಡಿಯಾಗಿ ಕಾಣುವುದು ಅಲ್ಲಿ ಸುಲಭ.

ತಡವಾಗಿ ಬಂದ ಸಾಲಿಗೆ ಮಾತ್ರ ಎರಡು ಕಾಲಗಳು ಬೇಕು: ಮಳೆ ಬಿದ್ದ ಕಾಲ ಮತ್ತು ಸುದ್ದಿ ದತ್ತಸಂಚಯಕ್ಕೆ ತಲುಪಿದ ಕಾಲ. ಈ ವಿವೇಕವನ್ನು ವಿಸ್ತಾರವಾಗಿ ಕಲಿಸಿದ ಕೃತಿ ಅಮೆರಿಕದ ಅರಿಜೋನ ವಿಶ್ವವಿದ್ಯಾಲಯದ ರಿಚರ್ಡ್ ಸ್ನಾಡ್‌ಗ್ರಾಸ್ 1999ರಲ್ಲಿ ಪ್ರಕಟಿಸಿದ, ಎಸ್‌ಕ್ಯೂಎಲ್‌ನಲ್ಲಿ ಕಾಲವನ್ನು ನಿಭಾಯಿಸುವ ಬಗೆಗಿನ ಗ್ರಂಥ. ಸಂಗತಿ ಸತ್ಯವಾಗಿದ್ದ ಕಾಲವನ್ನೂ ಅದು ದಾಖಲಾದ ಕಾಲವನ್ನೂ ಬೇರ್ಪಡಿಸಿ ಇಡಬೇಕೆಂಬ ಅದರ ಪಾಠ ಇಂದಿಗೂ ಹಳತಾಗಿಲ್ಲ. ಕೊರತೆಯೆಂದರೆ, ಅದು ವಿಂಡೋ ಫಂಕ್ಷನ್ ಬರುವ ಮೊದಲಿನ ಪುಸ್ತಕ. ಇಂದು ಕೆಲವೇ ಸಾಲಿನಲ್ಲಿ ಮುಗಿಯುವ ಪ್ರಶ್ನೆಗಳು ಅಲ್ಲಿ ಉದ್ದಕ್ಕೆ ಬೆಳೆಯುತ್ತವೆ. ಅದರ ಒತ್ತು ಕೂಡ ಒಂದು ಅವಧಿಯುದ್ದಕ್ಕೆ ಇರುವ ಸ್ಥಿತಿಗಳ ಮೇಲೆ, ಮಳೆಯಂಥ ಕ್ಷಣಿಕ ಘಟನೆಗಳ ಮೇಲಲ್ಲ. ಅವಧಿಗಳನ್ನು ನಿಭಾಯಿಸುವ ಸೌಲಭ್ಯ 2011ರಲ್ಲಿ ಎಸ್‌ಕ್ಯೂಎಲ್ ಪ್ರಮಾಣಕಕ್ಕೇ ಸೇರಿತು.

ಸ್ಥಿತಿಯ ಪಾಠ ಮಳೆ ಲೆಕ್ಕಕ್ಕೆ ಬೇಡವೆ? ಬೇಕು, ಮತ್ತು ಮಾರ್ಟಳ್ಳಿಯೇ ಅದಕ್ಕೆ ಸಾಕ್ಷಿ. 1956ರ ನವೆಂಬರ್ 1ಕ್ಕೆ ಮುಂಚೆ ಕೊಳ್ಳೇಗಾಲ ಸೀಮೆ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಆಮೇಲೆ ಮೈಸೂರು ಜಿಲ್ಲೆ. 1997ರಿಂದ ಚಾಮರಾಜನಗರ ಜಿಲ್ಲೆ. 2017ರ ರಾಜ್ಯ ಬಜೆಟ್‌ನಲ್ಲಿ ಘೋಷಣೆಯಾದ ಹೊಸ ತಾಲೂಕುಗಳಲ್ಲಿ ಹನೂರೂ ಒಂದಾಗಿ, ಮಾರ್ಟಳ್ಳಿ ಕೊಳ್ಳೇಗಾಲ ತಾಲೂಕಿನಿಂದ ಅದಕ್ಕೆ ಸೇರಿತು. ಊರು ಅಲುಗಲಿಲ್ಲ, ವಿಳಾಸ ಬದಲಾಯಿತು.

ಮಳೆ ಕೋಷ್ಟಕದಲ್ಲಿ ತಾಲೂಕಿನ ಹೆಸರನ್ನೇ ಬರೆದಿಟ್ಟಿದ್ದರೆ ಏನಾಗುತ್ತದೆ? ‘ಹನೂರು’ ಎಂದು ಕೇಳಿದರೆ ವಿಭಜನೆಗೆ ಹಿಂದಿನ ಮಳೆ ಸಿಗದು. ‘ಕೊಳ್ಳೇಗಾಲ’ ಎಂದು ಕೇಳಿದರೆ ಒಂದು ವರ್ಷದಿಂದ ಮುಂದಕ್ಕೆ ಸರಾಸರಿ ತಟಕ್ಕನೆ ಬದಲಾಗುತ್ತದೆ, ಏಕೆಂದರೆ ಬೆಟ್ಟದ ಸೀಮೆಯ ಮಾಪಕಗಳು ಲೆಕ್ಕದಿಂದ ಹೊರಬಿದ್ದಿವೆ. ಅದನ್ನು ಹವಾಮಾನ ಬದಲಾವಣೆ ಎಂದು ಓದುವ ಅಪಾಯವಿದೆ. ಸರಿಯಾದ ದಾರಿ: ಮಳೆ ಕೋಷ್ಟಕದಲ್ಲಿ ಮಾಪಕದ ಸಂಖ್ಯೆ ಮಾತ್ರ ಇರಲಿ. ಮಾಪಕ ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಯಾವ ತಾಲೂಕಿನಲ್ಲಿತ್ತು ಎಂಬುದು ಬೇರೆ ಕೋಷ್ಟಕದಲ್ಲಿರಲಿ. ಎರಡನ್ನೂ ಜೋಡಿಸಿದರೆ ಅಂದಿನ ಗಡಿಯಂತೆಯೂ ಇಂದಿನ ಗಡಿಯಂತೆಯೂ ಉತ್ತರ ಪಡೆಯಬಹುದು. ಬಿತ್ತನೆಯ ತಾರೀಖು, ಬೆಳೆಯ ಹಂತ, ವಿಮೆಯ ಅವಧಿಗಳನ್ನೂ ಇದೇ ರೀತಿ ಜೋಡಿಸಬಹುದು. ಸಂಬಂಧಾತ್ಮಕ ದತ್ತಸಂಚಯದ ನಿಜವಾದ ಬಲ ಇರುವುದು ಈ ಜೋಡಣೆಯಲ್ಲಿ.

ವರದಿಯಲ್ಲಿ ಏನಿರಬೇಕು?

ದೋಷ ಕೋಷ್ಟಕದ್ದಲ್ಲ, ಕೋಷ್ಟಕಕ್ಕೆ ನಾವು ಕೊಡುವ ರೂಪದ್ದು. ಕಾಡ್ ಅವರ ಗಣದಲ್ಲಿ ಕ್ರಮವಿಲ್ಲದಿರುವುದು ಒಂದು ಎಚ್ಚರಿಕೆಯಿದ್ದಂತೆ: ಕಾಲದ ಬಗ್ಗೆ ನಾವು ಹೇಳದೆ ಬಿಟ್ಟದ್ದನ್ನು ಗಣಕ ತಾನಾಗಿ ಊಹಿಸಲಾರದು, ಊಹಿಸಿದರೂ ನಡುರಾತ್ರಿ, ಸೋಮವಾರಗಳಂತೆ ತನ್ನ ರೂಢಿಯನ್ನೇ ಹೇರುತ್ತದೆ.

ಆದ್ದರಿಂದ ಮಳೆ ಮೊತ್ತ ಅಚ್ಚಾಗುವ ಕಡೆಯಲ್ಲೆಲ್ಲ ಅದರ ಪಕ್ಕದಲ್ಲಿ ಇನ್ನು ಮೂರು ಅಂಕಿಗಳಿಗೆ ಜಾಗ ಬೇಕು: ಅಳತೆ ಬಂದ ದಿನಗಳೆಷ್ಟು, ಅತಿ ಉದ್ದದ ಒಣ ಅವಧಿ ಕನಿಷ್ಠ ಎಷ್ಟು, ಗರಿಷ್ಠ ಎಷ್ಟು. ಕಾಲೇಜಿನ ಪ್ರಾಜೆಕ್ಟ್‌ಗೆ ಮಳೆ ದತ್ತಾಂಶ ಆರಿಸಿಕೊಳ್ಳುವ ವಿದ್ಯಾರ್ಥಿಗಳು ಈ ಮೂರನ್ನು ತಮ್ಮ ಪಂಚಾಯಿತಿಯ ಒಂದು ವರ್ಷದ ಲೆಕ್ಕದಿಂದ ತೆಗೆದು ನೋಡಬಹುದು. ಪಂಚಾಂಗ ಕೋಷ್ಟಕ ಒಂದು, ಎಡ ಜೋಡಣೆ ಒಂದು, ಕ್ರಮಸಂಖ್ಯೆಯ ಪ್ರಶ್ನೆ ಒಂದು, ಇಷ್ಟೇ ಸಾಮಗ್ರಿ. ಕನಿಷ್ಠಕ್ಕೂ ಗರಿಷ್ಠಕ್ಕೂ ಅಂತರ ದೊಡ್ಡದಿದ್ದರೆ, ಆ ಪಂಚಾಯಿತಿಗೆ ಮೊದಲು ಬೇಕಾದದ್ದು ಮಳೆಮಾಪಕದ ರಿಪೇರಿ.